ಕೊನೆಯ ಚೌಕದ ಚಿಕ್ಕಿಗಳು

ಯಶೋಧರಾ ಕನ್ನಡಕದ ಗಾಜನ್ನು ಸೆರಗಿನ ತುದಿಯಿಂದ ಮೂರನೆಯ ಸಲ ಒರೆಸಿ ಬೆಳಕಿಗೆ ಹಿಡಿದಳು. ಎಡಗಡೆಯ ಗಾಜಿನ ಅಂಚಿನಲ್ಲಿ ಎಣ್ಣೆಯ ಸಣ್ಣದೊಂದು ಕಲೆ ಇನ್ನೂ ಉಳಿದಿತ್ತು. ಅದು ಹೋಗದೆ ಅವಳ ಕೈ ನಿಲ್ಲುವಂತಿರಲಿಲ್ಲ.

"ಸಾಕ ಬಿಡವ್ವಾ, ಒರಿಸಿ ಒರಿಸಿ ಗಾಜ ತೆಳ್ಳಗ ಮಾಡಿದಿ," ಎಂದಳು ಗುಡ್ಡವ್ವ. "ಲಗೂನ ಹಾಕು. ಕನ್ನಡಕ ಇಲ್ಲದ ಆಕಿ ಮಾರಿ ಯಾರದೋ ಮಾರಿ ಆಗಿ ಕುಂತೇತಿ."

"ಹಾಕೂದು ಬ್ಯಾಡ," ಎಂದ ಪರಶಪ್ಪ ಕಟ್ಟೆಯ ಮೇಲಿಂದಲೇ. "ಮಣ್ಣಿಗೆ ಹೋಗಾವ್ರಿಗೆ ಕನ್ನಡಕ ಯಾಕ ಬೇಕ? ನಮ್ಮಾಗ ಯಾರಿಗರೆ ಹಾಕಿದ್ದು ನೋಡೀಯೇನು?"

"ನಿಮ್ಮಾಗ ಯಾರರೆ ಆಕಿಯಂಗ ಕಣ್ಣ ಸವಿಸ್ಯಾರೇನು? ನಿನಗಂತೂ ಇದ್ದ ಕಣ್ಣ ಉಪಯೋಗಕ್ಕ ಬಂದಿಲ್ಲ. ಸುಮ್ಮ ಕುಂದರು."

ಪರಶಪ್ಪ ಸುಮ್ಮನೆ ಕೂತ. ಎಪ್ಪತ್ತು ದಾಟಿದ ಅವನನ್ನು ಊರಲ್ಲಿ ಹೀಗೆ ಬಾಯಿ ಮುಚ್ಚಿಸುವವರು ಇಬ್ಬರೇ ಇದ್ದರು. ಒಬ್ಬಳು ಅಕ್ಕ ಗಾಳೆವ್ವ, ಇನ್ನೊಬ್ಬಳು ಅಕ್ಕನ ಬಾಲ್ಯದ ಗೆಳತಿ ಈ ಗುಡ್ಡವ್ವ. ಇನ್ನು ಒಬ್ಬಳೇ.

ಗಾಳೆವ್ವ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಬೆನ್ನಿಗೆ ಗೋಡೆ, ಕೊರಳಿಗೆ ಸೇವಂತಿಗೆಯ ಮಾಲೆ, ಗದ್ದಕ್ಕೆ ಬಿಳಿ ಬಟ್ಟೆಯ ಕಟ್ಟು. ತಲೆಯ ಮೇಲೆ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ. ನಿನ್ನೆ ಮಧ್ಯಾಹ್ನ ರೊಟ್ಟಿ, ಕಡಲೆ ಪಲ್ಯ ಉಂಡು ಬಿಸಿಲಿಗೆ ಕಾಲು ಚಾಚಿ ಕೂತವಳು ಹಾಗೆಯೇ ಹೋಗಿದ್ದಳು. ಎಪ್ಪತ್ತಾರು ವರ್ಷ. ಜಕ್ಕಲಿಯಲ್ಲಿ ಇಂಥ ಸಾವಿಗೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಅಂಗಳದಲ್ಲಿ ಭಜನೆಯವರು ಒಂದು ಪದ ಮುಗಿಸಿ ಚಹಾ ಕುಡಿಯುತ್ತಿದ್ದರು. ರೋಣ, ಗಜೇಂದ್ರಗಡದ ಕಡೆಯಿಂದ ಮಣ್ಣಿಗೆ ಬಂದವರು ನೆರಳು ಹುಡುಕಿ ಕೂತು ಈ ಸಲದ ಕಡಲೆಯ ಬಗ್ಗೆ ಮಾತಾಡುತ್ತಿದ್ದರು.

ಯಶೋಧರಾಳ ಮಗಳು ದುರ್ಗಾ ಫೋನ್ ಹಿಡಿದು ಒಳಗೆ ಬಂದಳು.

"ಅವ್ವಾ, ಅಮೋಘಸಿದ್ದ ಸರ್ ನರಗುಂದ ದಾಟ್ಯಾರಂತ. ಅವರು ಬರೂತನಾ ಎತ್ತಬ್ಯಾಡ್ರಿ ಅಂದ್ರು. ಮತ್ತ ಆಯಿ ಟ್ರಂಕಿನ್ಯಾಗಿನ ಹಳೇ ಪುಸ್ತಕ ಎಲ್ಲಾ ಒಯ್ತಾರಂತ. ಹೋದ ತಿಂಗಳ ಆಯಿನ ಹ್ಞೂಂ ಅಂದಿದ್ಲಂತ. ಲ್ಯಾಬಿನ ಚರಿತ್ರೆ ಬರಿಯಾಕತ್ಯಾರಲ್ಲ, ಅದಕ್ಕ."

"ಯಾವ ಪುಸ್ತಕ?"

"ನೀವಿಬ್ರೂ ಬರದದ್ದು. ಆಕೀದು, ನಿಂದು, ಎರಡೂ ಜೋಡಿ ಇಟ್ಟು ಹಾಳಿ ಹಾಳಿ ಫೋಟೋ ತಗೀತಾರಂತ."

ಯಶೋಧರಾ ಕನ್ನಡಕವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮೂವತ್ತೆರಡು ವರ್ಷಗಳಿಂದ ಅವಳು ಹೆದರುತ್ತ ಬಂದದ್ದು ಇದೊಂದಕ್ಕೇ. ಆ ಎರಡು ಪುಸ್ತಕಗಳನ್ನು ಯಾರೋ ಒಂದು ದಿನ ಒಂದರ ಪಕ್ಕ ಒಂದು ಬಿಡಿಸಿ ಇಡುತ್ತಾರೆ. ನಲವತ್ತೇಳನೆಯ ಗಾಜಿನ ಕೊನೆಯ ಚೌಕ ಬಂದಾಗ ಅವರ ಬೆರಳು ನಿಲ್ಲುತ್ತದೆ.

ನರಗುಂದದಿಂದ ಜಕ್ಕಲಿಗೆ ಇನ್ನೊಂದು ತಾಸು. ಟ್ರಂಕಿನ ಕೀಲಿ ಗಾಳೆವ್ವನ ಸೊಂಟದ ದಾರದಲ್ಲಿರುತ್ತಿತ್ತು. ಬೆಳಿಗ್ಗೆ ಮೈ ತೊಳೆದ ಹೆಂಗಸರು ಅದನ್ನು ಬಿಚ್ಚಿದ್ದನ್ನು ಅವಳು ಕಂಡಿದ್ದಳು. ಯಾರ ಕೈಗೆ ಹೋಯಿತೆಂದು ಕಂಡಿರಲಿಲ್ಲ.

*

ಗಾಳೆವ್ವ ಮದುವೆಯಾದ ವರ್ಷದಲ್ಲೇ ಗಂಡನನ್ನು ಕಳೆದುಕೊಂಡು ಮರಳಿ ಬಂದವಳು. ರೋಣದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಆದರೆ ಆ ಕಾಗದ ತಗಡಿನ ಡಬ್ಬಿಯಲ್ಲಿತ್ತು. ಅವಳು ತಾಯಿಯೊಂದಿಗೆ ದೂರದ ಪಟ್ಟಣದಲ್ಲಿ ಕಟ್ಟಡದ ಕೆಲಸಕ್ಕೆ ಕಲ್ಲು ಹೊರುತ್ತಿದ್ದಳು. ಹಾಗೆ ಕಲ್ಲು ಹೊತ್ತು ಕಟ್ಟಿದ ಕಟ್ಟಡವೇ ಆಮೇಲೆ ಭೌತಶಾಸ್ತ್ರದ ಪ್ರಯೋಗಾಲಯವಾಯಿತು. ಬಾಗಿಲಿಗೆ ಒಂದು ದಿನ ಚೀಟಿ ಅಂಟಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ, ಎಸ್ಸೆಸ್ಸೆಲ್ಸಿ ಆದವರು ಬೇಕು. ಅವಳು ಬುಟ್ಟಿ ಇಳಿಸಿ, ಕೈ ತೊಳೆದು, ಸಾಲಿನಲ್ಲಿ ನಿಂತಳು.

ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದ ಪ್ರೊಫೆಸರರು ಬಂದವರ ಮುಂದೆ ಒಂದು ಗಾಜನ್ನಿಟ್ಟರು. ಫೋಟೋ ಫಿಲ್ಮಿನಂಥ ದಪ್ಪ ಲೇಪ ಬಳಿದ ಗಾಜು. ಅದನ್ನು ಹೊರದೇಶದ ದೊಡ್ಡ ಯಂತ್ರದ ಎದುರು ಹಿಡಿದು, ಕಣಗಳ ಪೆಟ್ಟು ತಿನ್ನಿಸಿ, ತೊಳೆದು ಕಳಿಸಿರುತ್ತಾರೆ. ವೇಗದ ಕಣವೊಂದು ಲೇಪದೊಳಗಿನ ಪರಮಾಣುವಿನ ಬೀಜಕ್ಕೆ ಬಡಿದರೆ ಬೀಜ ಒಡೆದು ಚೂರುಗಳು ಸುತ್ತಲೂ ಸಿಡಿಯುತ್ತವೆ. ಪ್ರತಿ ಚೂರು ಹೋದ ದಾರಿ ಗೆರೆಯಾಗಿ ಉಳಿಯುತ್ತದೆ. ಸಾವಿರ ಪಟ್ಟು ಹಿಗ್ಗಿಸಿದರೆ ಅದು ಕಾಲು ಚಾಚಿದ ನಕ್ಷತ್ರ. ಅಂಥವು ಎಷ್ಟು ಸಿಕ್ಕವು ಹೇಳಿ ಎಂದರು ದೊಡ್ಡ ಸರ್.

ಡಿಗ್ರಿ ಓದಿದವರು ಆರು ಎಂದರು, ಏಳು ಎಂದರು. ಗಾಳೆವ್ವ ಹನ್ನೊಂದು ಎಂದಳು.

"ಹತ್ತೇ ಇರೋದು. ನಾನೇ ಎಣಿಸಿದ್ದೇನೆ," ಎಂದರು ಅವರು.

"ಇನ್ನೊಂದು ಎಡಕ ಕೆಳಗ ಐತ್ರಿ. ಮಬ್ಬಾಗಿ."

ಅವರು ಅರ್ಧ ತಾಸು ಬಗ್ಗಿ ನೋಡಿದರು. ತಲೆಯೆತ್ತಿ, ಇದೆಲ್ಲಿ ಕಲಿತೆ ಎಂದು ಕೇಳಿದರು. "ಕಡಲಿ ಹೊಲದಾಗ ಹುಳ ಆರಿಸ್ತಿದ್ನಿರಿ. ಎಲಿ ಬಣ್ಣದ ಹುಳ ಎಲಿ ಮ್ಯಾಲಿಂದ ಆರಿಸಿದವ್ರಿಗೆ ಇದೇನ್ ದೊಡ್ಡದಲ್ರಿ," ಎಂದಳಂತೆ.

ಮಾರನೆಯ ದಿನದಿಂದ ಅವಳದು ಅದೇ ಕೆಲಸ. ಮೂವತ್ತನಾಲ್ಕು ವರ್ಷ. ನಕ್ಷತ್ರ ಎಂಬ ಮಾತು ಅವಳ ಬಾಯಿಗೆ ಹತ್ತಲಿಲ್ಲ. ಚಿಕ್ಕಿ ಎಂದಳು, ಕಡೆಗೆ ಸಂಶೋಧನೆಯ ಹುಡುಗರೂ ಚಿಕ್ಕಿ ಎನ್ನತೊಡಗಿದರು.

ತೀರಿಹೋದ ಅಣ್ಣನ ಮಗಳು ಯಶೋಧರಾ ಪಿಯುಸಿ ಮುಗಿಸಿದಾಗ ಗಾಳೆವ್ವನೇ ಕರೆದೊಯ್ದು ಪಕ್ಕದ ಮೇಜಿನಲ್ಲಿ ಕೂರಿಸಿದಳು. ಮೊದಲ ದಿನ ಹೇಳಿಕೊಟ್ಟದ್ದು ಎರಡೇ ಮಾತು. ಕನ್ನಡಕ ತೆಗೆದಿಟ್ಟು ನೋಡು, ಯಂತ್ರದ ಗಾಜೇ ಸಾಕು. ಇನ್ನೊಬ್ಬರ ಪುಸ್ತಕ ನೋಡಬೇಡ.

ಎರಡನೆಯದು ಆ ಕೆಲಸದ ಜೀವ. ಒಂದು ಗಾಜನ್ನು ಚೌಕ ಚೌಕವಾಗಿ ಭಾಗ ಮಾಡಿ, ಇಬ್ಬರು ಬೇರೆ ಬೇರೆಯಾಗಿ ನೋಡಿ, ತಮ್ಮ ತಮ್ಮ ಪುಸ್ತಕದಲ್ಲಿ ಬರೆಯಬೇಕು. ಅವಳಿಗೆ ಕಂಡು ಇವಳಿಗೆ ತಪ್ಪಿದವು ಎಷ್ಟು, ಇವಳಿಗೆ ಕಂಡು ಅವಳಿಗೆ ತಪ್ಪಿದವು ಎಷ್ಟು. ಆ ವ್ಯತ್ಯಾಸದಿಂದಲೇ ಇಬ್ಬರಿಗೂ ತಪ್ಪಿದವು ಎಷ್ಟಿರಬಹುದೆಂದು ಲೆಕ್ಕ ಕಟ್ಟುತ್ತಾರೆ. ಇಬ್ಬರ ಪಟ್ಟಿ ಒಂದೇ ಆದರೆ ಲೆಕ್ಕವೇ ಸತ್ತಂತೆ. "ಒಬ್ಬೊಬ್ಬಾಕಿ ತಪ್ಪಿಗೂ ಬೆಲಿ ಐತಿ ಇಲ್ಲಿ," ಎನ್ನುತ್ತಿದ್ದಳು ಗಾಳೆವ್ವ. "ತಪ್ಪೂದಕ್ಕ ಅಂಜಬ್ಯಾಡ. ನಿನ್ನ ತಪ್ಪು ನಿಂದ ಆಗಿರ್ಲಿ."

*

"ಕೀಲಿ ಏನ್ ಮಾಡ್ತಿ?" ಎಂದು ಕೇಳಿದಳು ಗುಡ್ಡವ್ವ. ಅದು ಅವಳ ಕುಪ್ಪಸದೊಳಗಿನ ಎಲೆಯಡಿಕೆ ಚೀಲದಲ್ಲಿತ್ತು.

"ಸರ್ ಬರ್ತಾರಲ್ಲ, ಪುಸ್ತಕ ತಗದು ಇಡೂಣು ಅಂತ, ಗುಡ್ಡವ್ವತ್ತಿ."

"ಹೆಣ ಎದ್ದಿಲ್ಲ, ಪುಸ್ತಕಕ್ಕ ಏನ್ ಅವಸರ?" ಎಂದು ಗೊಣಗುತ್ತಲೇ ಚೀಲ ಬಿಚ್ಚಿದಳು. "ತಗೋ. ನೀ ಸಣ್ಣಾಕಿ ಇದ್ದಾಗಿಂದ ಹಿಂಗ. ಬಸ್ ಬರೂಕಿನ ಮೊದಲ ನಿಂತ ಬೆವರಾಕಿ."

ನಡುಮನೆಯ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಹಳೆಯ ಟವೆಲ್ ಹೊದ್ದು ಕೂತಿತ್ತು. ಪ್ರಯೋಗಾಲಯ ಮುಚ್ಚಿದಾಗ ಬೇಡವಾದ ಸಾಮಾನಿನಲ್ಲಿ ತಮ್ಮ ಪುಸ್ತಕಗಳ ಜೊತೆಗೆ ಗಾಳೆವ್ವ ಕೇಳಿ ಪಡೆದದ್ದು ಎರಡೇ. ಈ ಯಂತ್ರ ಮತ್ತು ಒಂದು ಗಾಜು. ಊರಿನ ಶಾಲೆಯ ಮಕ್ಕಳನ್ನು ಭಾನುವಾರ ಕರೆದು ಈರುಳ್ಳಿಯ ಸಿಪ್ಪೆ, ನೊಣದ ಕಾಲು ತೋರಿಸುತ್ತಿದ್ದಳು. ಕಡೆಗೆ ಒಂದೊಂದು ಚಿಕ್ಕಿ.

ಯಶೋಧರಾ ಬಾಗಿಲು ಮುಂದೆ ಮಾಡಿ ಟ್ರಂಕು ತೆರೆದಳು. ಸಾವಿರದ ಒಂಬೈನೂರ ತೊಂಬತ್ತಮೂರರ ಎರಡು ಪುಸ್ತಕಗಳು ಒಂದೇ ದಾರದಲ್ಲಿ ಕಟ್ಟಿದ್ದವು. ಪುಟ ತಟ್ಟನೆ ಸಿಕ್ಕಿತು. ಹರಿದು ಹಾಕಿದರೆ ಆಯಿತು, ಒಲೆಯ ಮುಂದೆ ಬೇಕಾದಷ್ಟು ಕಾಗದ ಬಿದ್ದಿದೆ ಎಂದುಕೊಂಡೇ ಬಂದಿದ್ದಳು. ಪುಟದ ಮೇಲಂಚನ್ನು ಹಿಡಿದಳು.

ಹಿಡಿದವಳು ನಿಂತಳು. ಎರಡೂ ಪುಸ್ತಕಗಳಲ್ಲಿ ಆ ಚೌಕದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಇತ್ತು. ಪಕ್ಕದಲ್ಲಿ ದೊಡ್ಡ ಸರ್ ಅವರ ಕೈಬರಹ: ಈ ಚೌಕ ಲೆಕ್ಕಕ್ಕಿಲ್ಲ.

ಹಾಗಾದರೆ ಅದು ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ. ಯಾರ ಪ್ರಬಂಧದಲ್ಲೂ ಇಲ್ಲ, ಯಾವ ಪತ್ರಿಕೆಯಲ್ಲೂ ಇಲ್ಲ. ಅವಳು ಟ್ರಂಕಿನ ಅಂಚಿನ ಮೇಲೆ ಕೂತಳು. ಆಮೇಲೆ ಒಂಬತ್ತನೆಯ ಸಾಲು ಕಂಡಿತು. ಚಿಕ್ಕಿ ಗಾಜಿನ ಎಡ ಅಂಚಿನಿಂದ ಎಷ್ಟು ಮಿಲಿಮೀಟರ್ ದೂರ ಎಂದು ಬರೆಯುವ ಜಾಗ. ಅತ್ತೆಯ ಪುಸ್ತಕದಲ್ಲಿ ಎಪ್ಪತ್ತೆರಡು ಎಂದಿತ್ತು. ತನ್ನದರಲ್ಲೂ ಎಪ್ಪತ್ತೆರಡು. ಅತ್ತೆಯ ಅಂಕಿಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ, ಇಪ್ಪತ್ತೇಳು.

ಆ ಗಾಜಿನ ಅಗಲವೇ ಅರವತ್ತು. ಅತ್ತೆ ಅಂಕಿ ತಿರುವಿ ಬರೆದಿದ್ದಳು. ತಾನು ಅದನ್ನು ಹಾಗೆಯೇ ಇಳಿಸಿದ್ದಳು. ಗಾಜಿನ ಆಚೆ ಗಾಳಿಯಲ್ಲಿರುವ ಒಂದು ಚಿಕ್ಕಿಯನ್ನು ಇಬ್ಬರೂ ಕಂಡಂತಾಗಿತ್ತು. ಪೆನ್ಸಿಲಿನಲ್ಲಿ ತಿದ್ದಿದ ಅತ್ತೆಗೆ ಅದು ಆಗಲೇ ತಿಳಿದಿತ್ತು.

*

ದುರ್ಗಾಳಿಗೆ ಆಗ ಎರಡು ವರ್ಷ. ಮೂರು ದಿನದ ಜ್ವರ. ನಾಲ್ಕನೆಯ ದಿನ ಮಧ್ಯಾಹ್ನ ಓಣಿಯವರೊಬ್ಬರು ಪ್ರಯೋಗಾಲಯದ ಬಾಗಿಲಿಗೆ ಬಂದು, ಕೂಸು ಕಣ್ಣು ಮೇಲೆ ಮಾಡುತ್ತಿದೆ ಎಂದರು. ಯಶೋಧರಾ ನಲವತ್ತೇಳನೆಯ ಗಾಜಿನಲ್ಲಿ ಕೊನೆಯ ಚೌಕವೊಂದನ್ನು ಉಳಿಸಿ ಓಡಿದಳು. ದವಾಖಾನೆಯಲ್ಲಿ ಕೂಸು ಉಳಿಯಿತು.

ಮರುದಿನ ಬೆಳಿಗ್ಗೆ ಬಂದಾಗ ಅಮೋಘಸಿದ್ದ ಎರಡೂ ಪುಸ್ತಕ ಕೇಳಿಕೊಂಡು ನಿಂತಿದ್ದ. ಆಗ ಅವನು ಸಂಶೋಧನೆಯ ಹುಡುಗ, ಮೀಸೆ ಬಿಡಲು ಹವಣಿಸುತ್ತಿದ್ದವ. ಮಧ್ಯಾಹ್ನಕ್ಕೆ ದೊಡ್ಡ ಸರ್ ಮುಂದೆ ಲೆಕ್ಕ ಇಡಬೇಕಿತ್ತು. ಇನ್ನೊಂದು ದಿನ ಬೇಕು ಎಂದು ಕೇಳಿದ್ದರೆ ಕೊಡುತ್ತಿದ್ದರು. ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ. ಗಾಳೆವ್ವ ನೀರಿಗೆಂದು ಎದ್ದಿದ್ದಳು. ಅವಳ ಪುಸ್ತಕ ತೆರೆದೇ ಇತ್ತು. ಹದಿನಾಲ್ಕು ಸಾಲು. ಇಳಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಅದಾದ ವಾರದಲ್ಲಿ ಗಾಳೆವ್ವ ಯಂತ್ರ ಬಿಟ್ಟು, ಮೂಲೆಯಲ್ಲಿ ಕೂತು, ನೋಡುವಾಗ ಗಾಜುಗಳ ಮೇಲೆ ಬಿಟ್ಟ ಎಣ್ಣೆ ಒರೆಸತೊಡಗಿದಳು. ಮೂರು ತಿಂಗಳು ಒರೆಸಿದಳು. "ಕಣ್ಣ ದಣದಾವ, ಸ್ವಲ್ಪ ಆರಾಮ ಕೊಡಾಕತ್ತೇನಿ," ಎಂದಿದ್ದಳು. ಯಶೋಧರಾ ನಂಬಿದ್ದಳು.

*

ಅಮೋಘಸಿದ್ದ ಬಂದಾಗ ಹನ್ನೆರಡು ಹೊಡೆದಿತ್ತು. ಈಗ ನಿವೃತ್ತ ಪ್ರೊಫೆಸರ್, ಮೀಸೆ ಬಿಳಿಯದಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ಗಾಳೆವ್ವನ ಕಾಲಿಗೆ ಹಣೆ ಹಚ್ಚಿ, ಅಲ್ಲೇ ನೆಲದ ಮೇಲೆ ಕೂತ. ಯಾರೋ ಕುರ್ಚಿ ತಂದರೆ ಒಲ್ಲೆನೆಂದ.

"ಸರ್ರ, ನಿಮ್ಮನ್ನ ಒಂದು ಕೇಳಬೇಕು," ಎಂದಳು ಗುಡ್ಡವ್ವ. "ಕನ್ನಡಕ ಹಾಕೂದೋ ಬ್ಯಾಡೋ?"

ಅವನು ಯೋಚಿಸಿದ. "ಬ್ಯಾಡ್ರಿ. ಅವರು ಖರೇ ನೋಡೂ ಮುಂದ ಕನ್ನಡಕ ತಗದ ಇಡ್ತಿದ್ರು. ಕೈಯಾಗ ಕೊಡ್ರಿ."

ಕಟ್ಟೆಯ ಮೇಲೆ ಪರಶಪ್ಪ ಗೆದ್ದವನಂತೆ ಕೆಮ್ಮಿದ. ಗುಡ್ಡವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ.

"ಒಮ್ಮೆ ನಾ ಕೇಳಿದ್ನಿರಿ," ಎಂದಳು. "ಏನ್ ಹುಡುಕ್ತೀಬೇ ಗಾಜಿನ್ಯಾಗ ಅಂತ. ಆಕಿ ಅಂದ್ಲು, ಬೀಜದಾಗ ಇರೂ ಪ್ರೋಟಾನಿಗೆ ಒಂದಕ್ಕೊಂದು ಆಗಂಗಿಲ್ಲ, ನೂಕ್ಯಾಡ್ತಾವ, ಆದ್ರೂ ಬಿಟ್ಟ ಹೋಗಂಗಿಲ್ಲ. ಭಾಳ ಸನೇಕ ಬಂದಾಗ ಒಂದು ಹಿಡತ ಹಿಡೀತೈತಿ, ಅಷ್ಟ ಗಟ್ಟಿದು ಲೋಕದಾಗ ಮತ್ತೊಂದಿಲ್ಲ. ತಟಗ ದೂರ ಸರದ್ರ ಆ ಹಿಡತ ಇಲ್ಲನ ಇಲ್ಲ. ಅದೆಂಥಾದ್ದು ಅಂತ ನೋಡಾಕತ್ತಾರ ಅಂದ್ಲು. ನಾ ಅಂದ್ನಿ, ಅದಕ್ಕ ಮಷಿನ್ ಯಾಕ ಬೇಕಬೇ, ನಮ್ಮ ಮನಿಗೆ ಬಾ, ಅಣ್ಣತಮ್ಮರ ಹೆಂಡ್ರು ಐದು ಮಂದಿ ನೆಗೆಣ್ಣೇರು ಒಂದ ಒಲಿ ಮುಂದ ಕುಂತೇವಿ."

ಅಂಗಳ ನಕ್ಕಿತು. ಅಮೋಘಸಿದ್ದನೂ ನಕ್ಕ.

"ದೊಡ್ಡ ಸರ್‌ಗೂ ಹಂಗ ಕೇಳಿದ್ರು ಅವರು. ನಕ್ಷತ್ರ ಅಂತೀರಿ, ಇದು ಚಿಕ್ಕಿ ಅಲ್ರಿ, ಮನಿ ಮುರದ ಗುರ್ತು ಅಂದ್ರು. ಸರ್ ಹೌದು ಅಂದ್ರು. ಮುರದಾಗಷ್ಟ ಗೊತ್ತಾಗೂದು, ಏನ್ ಹಿಡದಿತ್ತು ಅಂತ."

ಅವನೇ ಮುಂದುವರಿಸಿದ. "ಅವರ ಪ್ರಾಮಾಣಿಕತೆ ಕತಿ ಒಂದು ಹೇಳ್ತೇನ್ರಿ. ಪ್ರತಿ ವರ್ಷ ಹೊಸಾ ಹುಡುಗರಿಗೆ ದೊಡ್ಡ ಸರ್ ಹೇಳ್ತಿದ್ದ ಕತಿ. ತೊಂಬತ್ತಮೂರರಾಗ ಒಂದು ದಿನ ಗಾಳೆವ್ವಾರು ತಾವ ಸರ್ ಕಡೆ ಹೋದ್ರು. ನಲವತ್ತೇಳನೇ ಗಾಜಿನ ಕಡೀ ಚೌಕ ಲೆಕ್ಕಕ್ಕ ಹಿಡೀಬ್ಯಾಡ್ರಿ, ನಾನು ಯಶೋಧರಾನ ಪುಸ್ತಕ ನೋಡಿ ಬರದೇನಿ ಅಂದ್ರು. ಯಾರೂ ಹಿಡದಿರಲಿಲ್ರಿ. ತಾವ ಹೇಳಿದ್ರು. ಸರ್ ಆ ಚೌಕ ಹೊಡದು ಹಾಕಿದ್ರು. ಇವರು ತಾವ ಶಿಕ್ಷೆ ಕೇಳಿ ಮೂರ ತಿಂಗಳ ಗಾಜ ಒರಿಸಿದ್ರು."

ಭಜನೆಯವರಲ್ಲೊಬ್ಬ ತಲೆದೂಗಿದ. "ಕದ್ರೂ ಖರೇ ಹೇಳಿದಾಕಿ."

"ಯಾವಾಕಿ ಕದ್ದಾಕಿ?" ಗುಡ್ಡವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು. "ನಮ್ಮ ಗಾಳಿ ಇನ್ನೊಬ್ರದು ನೋಡಿ ಬರಿಯಾಕಿ ಅಲ್ಲ. ಸಾಲ್ಯಾಗ ಪಕ್ಕದಾಗ ಕುಂತ ನನಗ ಒಂದಕ್ಷರ ತೋರಿಸಲಿಲ್ಲ, ನನ್ನದೂ ನೋಡಲಿಲ್ಲ. ಆಕಿ ದೆಸಿಂದ ನಾ ನಾಕನೇ ಕ್ಲಾಸಿನ್ಯಾಗ ಎರಡ ವರ್ಸ ಕುಂತೇನಿ. ನೀವ್ ಎಲ್ಲೋ ತಪ್ಪ ತಿಳದೀರಿ ಸರ್ರ."

"ಅವರ ಹೇಳಿದ್ದು ಬೇ."

"ಆಕಿ ಹೇಳಿದ್ರೂ ಸುಳ್ಳ."

ಯಶೋಧರಾ ಕಂಬಕ್ಕೆ ಆತುಕೊಂಡು ನಿಂತಿದ್ದಳು. ಹೆದರಿಕೆ ಹೋಗಿತ್ತು. ಅದು ಹೋದ ಜಾಗಕ್ಕೆ ಮತ್ತೊಂದು ಬಂದು ಕೂತಿತ್ತು. ಇನ್ನು ಅವಳನ್ನು ಯಾರೂ ಹಿಡಿಯಲಾರರು, ಸುಮ್ಮನಿದ್ದರೆ ಸಾಕು. ಅಮೋಘಸಿದ್ದನ ಚರಿತ್ರೆಯಲ್ಲಿ ಈ ಕತೆ ಹೀಗೆಯೇ ಅಚ್ಚಾಗುತ್ತದೆ. ಗಾಳೆವ್ವನ ಹೆಸರಿನ ಮುಂದೆ ಕಳವು, ತನ್ನ ಹೆಸರಿನ ಮುಂದೆ ಏನೂ ಇಲ್ಲ. ಆಯಿ ಕದ್ದವಳೆಂದು ದುರ್ಗಾ ಕೂಡ ನಾಳೆ ತನ್ನ ಮಕ್ಕಳಿಗೆ ಹೇಳುತ್ತಾಳೆ.

ಅವಳು ಕುರ್ಚಿಯ ಬಳಿ ಹೋಗಿ ಅತ್ತೆಯ ಬೆರಳುಗಳ ನಡುವೆ ಕನ್ನಡಕ ಇಟ್ಟಳು. ಬೆರಳು ತಣ್ಣಗಿದ್ದವು. ಕನ್ನಡಕ ಜಾರಿತು. ಮತ್ತೆ ಇಟ್ಟು, ದಾರ ಸುತ್ತಿದಳು.

*

ಕಡಲೆ ಹೊಲದ ಬದುವಿನ ಪಕ್ಕದಲ್ಲಿ ಗುಣಿ ತೋಡಿದ್ದರು. ಎರೆಮಣ್ಣು ಮೇಲೆ ಒಣಗಿ ಬಿರಿದಿದ್ದರೂ ಮೂರಡಿ ಕೆಳಗೆ ಹಸಿಯಾಗಿ ಕರ್ರಗಿತ್ತು. ಗಾಳೆವ್ವನನ್ನು ಕೂರಿಸಿ ಇಳಿಸಿದರು. ಮೊದಲ ಹಿಡಿ ಪರಶಪ್ಪ ಹಾಕಬೇಕು. ಅವನು ಮಣ್ಣು ಹಿಡಿದು, ಎಲ್ಲರೂ ಹೇಳುವ ಮಾತನ್ನೇ ಹೇಳಿದ.

"ಯಕ್ಕಾ, ಅಂದದ್ದು ಆಡಿದ್ದು ಹೊಟ್ಟ್ಯಾಗ ಹಾಕ್ಕೋ. ಭಾಳ ಜಗಳಾಡೇನಿ ನಿನ್ನ ಕೂಡ. ಅರ್ಧ ನಂದ ತಪ್ಪು."

"ಮುಕ್ಕಾಲು," ಎಂದಳು ಹಿಂದಿನಿಂದ ಗುಡ್ಡವ್ವ.

ಆಮೇಲೆ ಯಶೋಧರಾಳ ಸರದಿ. ಬಗ್ಗಿ ಮಣ್ಣು ತೆಗೆದುಕೊಂಡಳು. ಅಂಟುಮಣ್ಣು, ಅಂಗೈಗೆ ಹಿಡಿದುಕೊಂಡಿತು. ತಪ್ಪು ಹೊಟ್ಟೆಯಲ್ಲಿ ಹಾಕಿಕೋ ಎಂದಷ್ಟೇ ಹೇಳಿ ಸರಿಯಬಹುದಿತ್ತು. ಎಲ್ಲರೂ ಹೇಳುತ್ತಾರೆ, ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ.

"ಅತ್ತಿ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಸುತ್ತ ನಿಂತವರಿಗೆ ಕೇಳುವಂತೆ ಮತ್ತೆ ಹೇಳಿದಳು. "ಅತ್ತಿ, ನಲವತ್ತೇಳನೇ ಗಾಜಿನ ಕಡೀ ಚೌಕ ನೋಡಿ ಬರದಾಕಿ ನಾನು. ನಿನ್ನ ಪುಸ್ತಕ ನೋಡಿ ಹದಿನಾಕು ಸಾಲ ಇಳಿಸಿದ್ನಿ. ದುರ್ಗಾಗ ಜ್ವರ ಇತ್ತು. ಆದ್ರ ಜ್ವರದ ದೆಸಿಂದ ಅಲ್ಲ. ಇನ್ನೊಂದು ದಿನ ಕೊಡ್ರಿ ಅಂತ ಕೇಳಾಕ ಅಂಜಿ ಬರದ್ನಿ. ನೀ ನನ್ನ ತಪ್ಪು ನಿನ್ನ ಮ್ಯಾಲೆ ಹಾಕ್ಕೊಂಡಿ. ನನಗದು ಇವತ್ತ ಗೊತ್ತಾತು."

ದುರ್ಗಾ ತಾಯಿಯ ಮುಖ ನೋಡುತ್ತಿದ್ದಳು.

"ನಾ ಅಂದಿದ್ನಿಲ್ಲ?" ಎಂದಳು ಗುಡ್ಡವ್ವ, ಅಮೋಘಸಿದ್ದನ ಕಡೆ ತಿರುಗಿ. ಅವಳ ಕಣ್ಣಿನಲ್ಲಿ ನೀರಿತ್ತು, ಮುಖದಲ್ಲಿ ಗೆಲುವಿತ್ತು. "ಕೇಳಿದ್ರಿಲ್ರಿ ಸರ್ರ? ನಮ್ಮ ಗಾಳಿ ನೋಡಿ ಬರಿಯಾಕಿ ಅಲ್ಲ ಅಂದ್ನಿಲ್ಲ?"

ಅಮೋಘಸಿದ್ದ ಗುಣಿಯೊಳಗೆ ಕೂತ ಗಾಳೆವ್ವನ ಕಡೆ ನೋಡಿದ.

"ದೊಡ್ಡ ಸರ್ ಆ ಕತಿ ಹೇಳಿ ಕಡೀಕ ಒಂದ ಮಾತ ಅಂತಿದ್ರು," ಎಂದ ಮೆಲ್ಲಗೆ. "ಗಾಳೆವ್ವ ನನ್ನ ಮುಂದ ಸುಳ್ಳ ಹೇಳಿದ್ದು ಅದೊಂದ ಸಲ ಅಂತ. ಯಾವ ಸುಳ್ಳು ಅಂತ ನಾವ್ ಯಾರೂ ಕೇಳಲಿಲ್ಲ. ಅವರಿಗೆ ಆವತ್ತ ಗೊತ್ತಿತ್ತು ಅನಸ್ತೈತಿ."

ಪರಶಪ್ಪ ಅಣ್ಣನ ಮಗಳ ಹತ್ತಿರ ಬಂದ. "ಮೂವತ್ತೆರಡ ವರ್ಸ ಇದನ್ನ ಇಟಗೊಂಡ ರೊಟ್ಟಿ ಹ್ಯಾಂಗ ತಿಂದೆವ್ವಾ?" ಎಂದ. "ಮಣ್ಣ ಹಾಕು. ಆಕಿ ಕಾಯಾಕತ್ತಾಳ."

ಮುಷ್ಟಿ ಬಿಚ್ಚಿದರೂ ಮಣ್ಣು ತಕ್ಷಣ ಬೀಳಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಿ ಹಾಕಿದಳು. ಹಿಂದಿದ್ದವರು ಒಬ್ಬರಿಗೊಬ್ಬರು ಒತ್ತಿಕೊಂಡು ಗುಣಿಯ ಅಂಚಿಗೆ ಬಂದರು.

*

ಸ್ನಾನ ಮಾಡಿ ಬಂದವರಿಗೆ ಗುಡ್ಡವ್ವನ ಮನೆಯಿಂದ ಜುಣಕ, ರೊಟ್ಟಿ ಬಂದವು. ಉಂಡವರು ಉಂಡಂತೆ ಬಸ್ಸಿಗೆ ಹೊರಟರು. ಅಮೋಘಸಿದ್ದ ಎರಡೂ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದ. ಎಪ್ಪತ್ತೆರಡು ಎಂಬ ಅಂಕಿಗೆ ಬಂದಾಗ ನಕ್ಕ.

"ಗಾಜಿನ ಆಚೆ ಚಿಕ್ಕಿ ಕಂಡವ್ರು ನೀವಿಬ್ರ ನೋಡ್ರಿ."

ಯಶೋಧರಾ ಟ್ರಂಕಿನ ತಳದಿಂದ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ತೆಗೆದಳು. ಅದರೊಳಗೆ ಪ್ರಯೋಗಾಲಯದಿಂದ ಗಾಳೆವ್ವ ಕೇಳಿ ತಂದಿದ್ದ ಗಾಜು. ಲೇಪ ಹಳದಿಯಾಗಿತ್ತು. ಮೂಲೆಯಲ್ಲಿ ಶಾಯಿಯ ಅಂಕಿ ಇನ್ನೂ ಕಾಣುತ್ತಿತ್ತು: ನಲವತ್ತೇಳು.

"ಸರ್, ನೀವು ಇನ್ನೊಂದು ತಾಸು ಕುಂದರತೀರೇನ್ರಿ?" ಎಂದು ಕೇಳಿದಳು. ಬದುಕಿನಲ್ಲಿ ಅವಳು ಯಾರನ್ನಾದರೂ ಸಮಯ ಕೇಳಿದ್ದು ಅದೇ ಮೊದಲೇನೋ. "ನನ್ನದೊಂದು ಚೌಕ ಉಳದೈತಿ."

"ಎರಡು ತಾಸು ತಗೋರಿ," ಎಂದ ಅವನು.

ಅವಳು ಅತ್ತೆಯ ಪುಸ್ತಕವನ್ನು ಮುಚ್ಚಿ ದುರ್ಗಾಳ ಕೈಗೆ ಕೊಟ್ಟಳು. ಕಿಟಕಿಯ ಬಳಿ ಕೂತು ಟವೆಲ್ ತೆಗೆದು ಮಡಚಿಟ್ಟಳು. ಬಲ್ಬು ಹಚ್ಚಿ, ಗಾಜಿನ ಮೇಲೆ ಎಣ್ಣೆಯ ಒಂದು ಹನಿ ಬಿಟ್ಟು, ತನ್ನ ಕನ್ನಡಕ ತೆಗೆದಿಟ್ಟು ಬಗ್ಗಿದಳು. ಮೊದಲು ಬರೀ ಹಳದಿ ಮಂಜು. ತಿರುಪು ತಿರುಗಿಸಿದಂತೆ ಮಂಜಿನ ತಳದಿಂದ ಒಂದು ಕರಿಗೆರೆ ಮೇಲೆದ್ದಿತು, ಅದರ ಬೆನ್ನಿಗೆ ಮತ್ತೊಂದು. ಆರು ಕಾಲಿನ ಚಿಕ್ಕಿ. ಅವಳು ಬರೆದುಕೊಂಡಳು.

ಬಿಸಿಲು ಪಡಸಾಲೆಯ ಗೋಡೆಯ ಮೇಲೆ ಏರಿ ಬಾಬಾಸಾಹೇಬರ ಫೋಟೋದ ಚೌಕಟ್ಟಿಗೆ ಮುಟ್ಟಿತು. ಗುಡ್ಡವ್ವ ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಕೊನೆಯ ಅಂಚಿನಲ್ಲಿ ಒಂದು ಮಬ್ಬು ಚುಕ್ಕೆ ಇತ್ತು. ಚಿಕ್ಕಿ ಎಂದರೆ ಚಿಕ್ಕಿ. ಧೂಳು ಎಂದರೆ ಧೂಳು. ಯಶೋಧರಾ ಅದನ್ನು ಮೇಲಿನಿಂದ ನೋಡಿದಳು, ಕೆಳಗಿನಿಂದ ನೋಡಿದಳು. ಗೆರೆ ಎಲ್ಲಿಯೂ ಹೊರಡಲಿಲ್ಲ. ಅವಳು ತಲೆಯೆತ್ತಿದಳು.

"ಎಷ್ಟ ಸಿಕ್ಕುವು?" ಎಂದು ಕೇಳಿದಳು ಗುಡ್ಡವ್ವ.

"ಹದಿಮೂರು."

"ಆಕೀಗೆ?"

"ಹದಿನಾಕು."

ಗುಡ್ಡವ್ವ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಹಿತವಾಗಿ ಅಗಿದಳು. "ಇರ್ಲಿ ಬಿಡು. ಆಕಿ ಕಣ್ಣು ಆಕಿವು."

ಯಶೋಧರಾ ತನ್ನ ಹಳೆಯ ಪುಸ್ತಕವನ್ನು ಎಳೆದುಕೊಂಡಳು. ಕೆಂಪು ಗೆರೆಯ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಇತ್ತು. ಅಲ್ಲಿ ಇಂದಿನ ತಾರೀಖು ಬರೆದು, ಅದರ ಮುಂದೆ ಹದಿಮೂರು ಎಂದು ಬರೆದು, ಶಾಯಿ ಆರುವವರೆಗೆ ಮೆಲ್ಲಗೆ ಊದುತ್ತ ಕೂತಳು.